ಪಿತೃಭಕ್ತಿಯ ಪಟ್ಟಣದಲ್ಲಿ ಐದನೇ ಮಹಡಿ

ದಕ್ಷಿಣ ಕೊರಿಯಾದ ಸುವೊನ್ ಊರಿಗೆ ‘ಹೆತ್ತವರ ಸೇವೆಯ ಪಟ್ಟಣ’ ಎಂಬ ಬಿರುದಿದೆ. ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಇಲ್ಲಿರುವುದರಿಂದ ಬೆಂಗಳೂರು ಕಡೆಯ ಇಂಜಿನಿಯರುಗಳ ಸಂಸಾರಗಳೂ ಇವೆ. ಊರಿಂದ ಅವರ ಅಪ್ಪ ಅಮ್ಮ ಬಂದಾಗ ಕೋಟೆ ತೋರಿಸಲು ನನ್ನನ್ನು ಕರೆಯುತ್ತಾರೆ. ನಾನು ಇಲ್ಲಿಯವರ ಸೊಸೆ, ಕೊರಿಯನ್ ಭಾಷೆ ಬರುತ್ತದೆ, ಮೇಲಾಗಿ ಪುಕ್ಕಟೆ ಗೈಡು. ಬಿರುದಿನ ವಿಷಯ ಕೇಳಿ ಹಾಸನದ ಕಡೆಯ ಹಿರಿಯರೊಬ್ಬರು, “ಹಾಗಾದ್ರೆ ಶ್ರವಣಕುಮಾರನ ಊರು ಅನ್ನಮ್ಮ” ಎಂದು ಖುಷಿಪಟ್ಟಿದ್ದರು. ಅವರ ಖುಷಿಗೆ ಸ್ವಲ್ಪ ತಣ್ಣೀರು ಎರಚಬೇಕಾಯಿತು. ಈ ಊರು ಹುಟ್ಟುವುದಕ್ಕೆ ಕಾರಣ, ತಂದೆಯೊಬ್ಬ ಮಗನನ್ನು ಕೊಂದದ್ದು.

1762ರ ಬೇಸಿಗೆಯಲ್ಲಿ ಜೊಸೊನ್ ವಂಶದ ರಾಜ ಯೊಂಗ್‌ಜೊ ತನ್ನ ಮಗ, ಯುವರಾಜ ಸಾದೊನನ್ನು ಅಕ್ಕಿ ತುಂಬುವ ಮರದ ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಳ ಹಾಕಿಸಿದ. ಎಂಟು ದಿನಕ್ಕೆ ಯುವರಾಜನ ಪ್ರಾಣ ಹೋಯಿತು. ಸಾದೊನ ಮಗನಿಗೆ ಆಗ ಇನ್ನೂ ಹತ್ತು ತುಂಬಿರಲಿಲ್ಲ. ಆ ಹುಡುಗನೇ 1776ರಲ್ಲಿ ಜೊಂಗ್‌ಜೊ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದ. 1789ರಲ್ಲಿ ತಂದೆಯ ಸಮಾಧಿಯನ್ನು ಹ್ವಾಸಾನ್ ಗುಡ್ಡಕ್ಕೆ ತಂದು, ಅಲ್ಲಿದ್ದ ಹಳೇ ಸುವೊನ್ ಊರನ್ನು ಎಬ್ಬಿಸಿ ಉತ್ತರಕ್ಕೆ, ಪಾಲ್‌ದಾಲ್ ಬೆಟ್ಟದ ಮಗ್ಗುಲಿಗೆ ಸಾಗಿಸಿದ. ಹೊಸ ಊರಿನ ಸುತ್ತ 1794ರಿಂದ 1796ರೊಳಗೆ ಸುಮಾರು ಐದೂಮುಕ್ಕಾಲು ಕಿಲೋಮೀಟರು ಉದ್ದದ ಹ್ವಾಸೊಂಗ್ ಕೋಟೆ ಎದ್ದಿತು. ತಂದೆಯ ಸಮಾಧಿಗೆ ಕೈಮುಗಿದು ರಾಜಧಾನಿಗೆ ಮರಳುವಾಗ ರಾಜ ಹೆಜ್ಜೆಹೆಜ್ಜೆಗೂ ಹಿಂತಿರುಗಿ ನೋಡಿ ತಡಮಾಡುತ್ತಿದ್ದ ಎನ್ನುವ ಕಣಿವೆ ಊರಿನ ಉತ್ತರಕ್ಕಿದೆ. ಅಲ್ಲೊಂದು ಕಲ್ಲು ನೆಟ್ಟಿದ್ದಾರೆ.

ಕೋಟೆಯೊಳಗಿನ ಅರಮನೆಗೆ ಬಂದವರನ್ನು ನಾನು ನಕ್‌ನಾಮ್‌ಹೊನ್ ಎಂಬ ಮಂಟಪದ ಮುಂದೆ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. 1795ರಲ್ಲಿ ಜೊಂಗ್‌ಜೊ ತಾಯಿಯನ್ನು ಎಂಟು ದಿನದ ಮೆರವಣಿಗೆಯಲ್ಲಿ ಇಲ್ಲಿಗೆ ಕರೆತಂದು ಅರವತ್ತರ ಶಾಂತಿ ಮಾಡಿದ. ಸತ್ತ ತಂದೆಯೂ ತಾಯಿಯೂ ಒಂದೇ ವರ್ಷ ಹುಟ್ಟಿದವರು, ತಂದೆ ಬದುಕಿದ್ದರೆ ಇಬ್ಬರಿಗೂ ಅರವತ್ತು. ತಾಯಿಯ ಔತಣದ ಮಾರನೆಯ ದಿನ ಇದೇ ಮಂಟಪದಲ್ಲಿ ಊರಿನ ಮುದುಕರಿಗೆಲ್ಲ ರಾಜನ ಔತಣ. ಆ ದಿನದ ಚಿತ್ರ ಉಳಿದಿದೆ: ಅಂಗಳದ ತುಂಬ ಮುದುಕರು, ಅವರ ಊರುಗೋಲುಗಳ ತುದಿಗೆ ರಾಜ ಕೊಟ್ಟ ಹಳದಿ ಬಟ್ಟೆಯ ತುಂಡು. ಆ ಎಂಟು ದಿನಗಳಲ್ಲಿ ಯಾರ ಎಲೆಗೆ ಏನೇನು ಬಡಿಸಿದರು ಎಂಬುದನ್ನೂ ಬಿಡದೆ ಬರೆದಿಟ್ಟ ದಫ್ತರ ಅಚ್ಚಾಗಿ ಉಳಿದಿದೆ. ಜಪಾನೀಯರು ಕೊರಿಯಾವನ್ನು ಆಳುತ್ತಿದ್ದ ಕಾಲದಲ್ಲಿ ಅರಮನೆಯನ್ನು ಆಸ್ಪತ್ರೆ ಮಾಡಿ ಹೆಚ್ಚಿನ ಕಟ್ಟಡಗಳನ್ನು ಕೆಡವಿದರು. ತಾಯಿಯ ಅರವತ್ತರ ಶಾಂತಿ ನಡೆದ ಸಭಾಂಗಣವೂ ಹೋಯಿತು. ಈಗ ಕಾಣುವುದು ಮತ್ತೆ ಕಟ್ಟಿದ್ದು. ನಕ್‌ನಾಮ್‌ಹೊನ್ ಹಳೆಯದೇ.

ನನ್ನ ವಾದ ಇಲ್ಲಿಂದ ಶುರು. ಹೆತ್ತವರನ್ನು ನೋಡಿಕೊಳ್ಳುವುದಕ್ಕೆ ಇಲ್ಲಿ ‘ಹ್ಯೊ’ ಎನ್ನುತ್ತಾರೆ. ಅದು ಮನೆಯೊಳಗಿನ ಧರ್ಮ, ಸರ್ಕಾರದ ಯೋಜನೆ ಬಂದು ಅದನ್ನು ಕೆಡಿಸಿತು ಎಂದು ಇಲ್ಲಿಯ ಹಿರಿಯರೂ ನಮ್ಮ ಕಡೆಯ ಹಿರಿಯರೂ ಒಂದೇ ರಾಗದಲ್ಲಿ ಹೇಳುವುದನ್ನು ಕೇಳಿದ್ದೇನೆ. ಆದರೆ ಕೊರಿಯಾದ ಚರಿತ್ರೆಯಲ್ಲಿ ಮುದುಕರ ಕೋಣೆಯೊಳಗೆ ದೊರೆತನದ ಕೈ ಇಲ್ಲದಿದ್ದ ಕಾಲವೇ ಸಿಗುವುದಿಲ್ಲ. ಜೊಸೊನ್‌ಗಿಂತ ಹಿಂದಿನ ಗೊರ್ಯೊ ರಾಜವಂಶದ ಕಾನೂನಿನಲ್ಲೇ, ಅಪ್ಪ ಅಮ್ಮ ಬದುಕಿರುವಾಗ ಬೇರೆ ಮನೆ ಹೂಡಿ ಅವರ ಅನ್ನಕ್ಕೆ ನೋಡದ ಮಗನಿಗೆ ಎರಡು ವರ್ಷದ ಶಿಕ್ಷೆ ಇತ್ತು. 1428ರಲ್ಲಿ ಜಿಂಜು ಊರಿನ ಕಿಮ್ ಹ್ವಾ ಎಂಬವನು ತಂದೆಯನ್ನು ಕೊಂದ ಸುದ್ದಿ ರಾಜ ಸೆಜೊಂಗ್‌ನ ಆಸ್ಥಾನಕ್ಕೆ ಬಂತು. ಶಿಕ್ಷೆ ಒಂದರಿಂದಲೇ ಜನ ತಿದ್ದಿಕೊಳ್ಳುವುದಿಲ್ಲ ಎಂದು ಯೋಚಿಸಿದ ರಾಜ ಪುಸ್ತಕ ಮಾಡಿಸಿದ. 1434ರಲ್ಲಿ ಹೊರಬಂದ ‘ಸಾಮ್‌ಗಾಂಗ್ ಹೇಂಗ್‌ಶಿಲ್‌ದೊ’ದಲ್ಲಿ ಒಳ್ಳೆಯ ಮಕ್ಕಳು, ನಿಷ್ಠ ಮಂತ್ರಿಗಳು, ಪತಿವ್ರತೆಯರ ಕತೆಗಳು ಇದ್ದವು. ಓದು ಬಾರದವರಿಗೂ ತಿಳಿಯಲಿ ಎಂದು ಕತೆಗೊಂದು ಚಿತ್ರ.

ಆ ಚಿತ್ರಗಳು ಮಕ್ಕಳ ಕೈಗೆ ಕೊಡುವಂಥವಲ್ಲ. ಒಬ್ಬ ತಂದೆಯ ಕಾಯಿಲೆಗೆ ತನ್ನ ಬೆರಳು ಕಡಿದು ಔಷಧಿಗೆ ಬೆರೆಸುತ್ತಾನೆ. ಇನ್ನೊಬ್ಬ ನಮ್ಮ ಸುವೊನ್‌ನವನೇ, ಗೊರ್ಯೊ ಕಾಲದ ಚ್ವೆ ನುಬೆಕ್. ಬೇಟೆಗೆ ಹೋದ ತಂದೆಯನ್ನು ಹುಲಿ ತಿಂದಾಗ ಹದಿನೈದರ ಹುಡುಗ ಕೊಡಲಿ ಹಿಡಿದು ಹೋಗಿ ಹುಲಿಯನ್ನು ಕೊಂದು, ಅದರ ಹೊಟ್ಟೆ ಸೀಳಿ ತಂದೆಯ ಮೂಳೆ ತೆಗೆದು ಮಣ್ಣು ಮಾಡಿ, ಸಮಾಧಿಯ ಪಕ್ಕ ಗುಡಿಸಲು ಹಾಕಿಕೊಂಡು ಮೂರು ವರ್ಷ ಕಾವಲು ಕೂತ. ಇಂಥ ಮಕ್ಕಳನ್ನು ಊರಿನವರು ಮೇಲಕ್ಕೆ ಬರೆದು ತಿಳಿಸಿದರೆ ರಾಜ ಅವರ ಮನೆ ಮುಂದೆ ಕೆಂಪು ಕಮಾನು ಕಟ್ಟಿಸುತ್ತಿದ್ದ, ಬಿಟ್ಟಿ ದುಡಿಮೆಯಿಂದ ಬಿಡುತ್ತಿದ್ದ. ಸೇವೆಗೆ ಪ್ರತಿಫಲ ಇತ್ತು, ಅದನ್ನು ಅಳೆಯುವ ಅಧಿಕಾರಿಯೂ ಇದ್ದ.

ನಮ್ಮ ಅತ್ತೆಯ ಮನೆಯ ಗೋಡೆಯಲ್ಲೂ ಇದರ ಮರಿಯೊಂದು ತೂಗುತ್ತಿತ್ತು: ‘ಉತ್ತಮ ಸೊಸೆ’ ಎಂದು ಸ್ಥಳೀಯ ಆಡಳಿತ ಕೊಟ್ಟ ಪ್ರಶಸ್ತಿಪತ್ರ, ಕೆಳಗೆ ಚೌಕಾಕಾರದ ಕೆಂಪು ಮೊಹರು. ಮೇ 8ನ್ನು ಇಲ್ಲಿ 1956ರಿಂದ ತಾಯಂದಿರ ದಿನವಾಗಿ, 1973ರಿಂದ ಹೆತ್ತವರ ದಿನವಾಗಿ ಆಚರಿಸುತ್ತಾರೆ. ಊರೂರಲ್ಲೂ ಸೇವೆ ಮಾಡಿದ ಮಗ, ಸೊಸೆಯರನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತಾರೆ. ಅತ್ತೆ ಸುವೊನ್‌ನ ಪಶ್ಚಿಮಕ್ಕಿರುವ ಹ್ವಾಸೊಂಗ್ ಸೀಮೆಯ ಹಳ್ಳಿಯವರು. ಮದುವೆಯಾಗಿ ಬಂದ ಮನೆಯಲ್ಲಿ ಅವರ ಅತ್ತೆಗೆ ಪಾರ್ಶ್ವವಾಯು ಬಡಿದು ಮಲಗಿದ್ದಲ್ಲೇ ಎಲ್ಲ. ಕೊರಿಯಾದ ಹಳೇ ಮನೆಗಳಲ್ಲಿ ಅಡುಗೆ ಒಲೆಯ ಬೆಂಕಿ ನೆಲದಡಿಯ ಕಿಂಡಿಗಳಲ್ಲಿ ಹಾದು ಕೋಣೆಯನ್ನು ಬೆಚ್ಚಗಿಡುತ್ತದೆ. ಒಲೆಗೆ ಹತ್ತಿರದ ಮೂಲೆ ಎಲ್ಲಕ್ಕಿಂತ ಬಿಸಿ, ಅದು ಮನೆಯ ಹಿರಿಯರದು. ಆ ಮೂಲೆಯಲ್ಲಿ ಹಾಸಿಗೆ ಹಾಸಿ, ಹುಣ್ಣಾಗದಂತೆ ಹೊರಳಿಸಿ, ಗಂಜಿ ಕುಡಿಸಿ, ಚಳಿಗಾಲದಲ್ಲಿ ಹಳ್ಳದ ಮಂಜು ಒಡೆದು ಮುದುಕಿಯ ಬಟ್ಟೆ ಒಗೆದದ್ದನ್ನು ಅತ್ತೆ ನನಗೆ ಹೇಳಿದ್ದರು. ಹೆಮ್ಮೆಯಿಂದಲೂ ಅಲ್ಲ, ಗೋಳಾಗಿಯೂ ಅಲ್ಲ. “ಆಗ ಎಲ್ಲರೂ ಮಾಡ್ತಿದ್ದರು. ನನ್ನ ಗಂಡ ಮಾತ್ರ ಮಾಡಲಿಲ್ಲ” ಎಂದು ನಕ್ಕಿದ್ದರು. ಹ್ಯೊ ಮಗನ ಹೆಸರಿನಲ್ಲಿ, ದುಡಿಮೆ ಸೊಸೆಯದು. ಹುಲಿಯ ಹೊಟ್ಟೆ ಸೀಳುವ ಕೆಲಸ ದಿನವೂ ಬರುವುದಿಲ್ಲವಲ್ಲ.

ಆ ವ್ಯವಸ್ಥೆ ಅಲುಗಾಡಿದ್ದು ಎಷ್ಟು ಬೇಗ ಎಂದರೆ ಒಬ್ಬ ಹೆಂಗಸಿನ ಆಯುಷ್ಯದೊಳಗೇ. 1950ರಿಂದ 53ರ ಯುದ್ಧ ಹಳ್ಳಿಗಳನ್ನು ಸುಟ್ಟಿತು. ಅರವತ್ತರ ದಶಕದಿಂದ ಕಾರ್ಖಾನೆಗಳು ಹಳ್ಳಿಯ ಮಕ್ಕಳನ್ನು ಸೆಳೆದವು. ಗಂಡು ಮಕ್ಕಳು ಸೋಲ್, ಇಂಚೊನ್, ಉಲ್ಸಾನ್ ಅಂತ ಹೊರಟರು. ಅಪಾರ್ಟ್‌ಮೆಂಟುಗಳು ಬಂದವು, ಸೊಸೆಯಂದಿರು ಸಂಬಳಕ್ಕೆ ಹೋದರು. ವೃದ್ಧರ ಕಲ್ಯಾಣಕ್ಕೆಂದು ಮೊದಲ ಕಾನೂನು ಬಂದದ್ದು 1981ರಲ್ಲಿ. ಆ ಹೊತ್ತಿಗೆ ಇದ್ದ ಆಶ್ರಮಗಳನ್ನು ಬಹುಪಾಲು ಚರ್ಚುಗಳು, ಧರ್ಮಸಂಸ್ಥೆಗಳು ನಡೆಸುತ್ತಿದ್ದವು, ಮಕ್ಕಳೂ ಕಾಸೂ ಇಲ್ಲದವರಿಗೆಂದು. ಮಕ್ಕಳಿದ್ದವರು ಅಲ್ಲಿ ಹೋಗಿ ಕೂತರೆ ಮನೆತನದ ಮಾನ ಹೋಯಿತು ಎಂದೇ ಲೆಕ್ಕ. ಹಾಗಾಗಿ ಇವತ್ತು ಎಂಬತ್ತು ದಾಟಿದವರ ಮನಸ್ಸಿನಲ್ಲಿ ಆಶ್ರಮ ಎಂದರೆ ಅನಾಥ ಮುದುಕರ ಕೊಟ್ಟಿಗೆ.

ಹೆತ್ತವರನ್ನು ಯಾರು ನೋಡಿಕೊಳ್ಳಬೇಕು ಎಂದು ಸರ್ಕಾರದ ಅಂಕಿಅಂಶ ಇಲಾಖೆ ಜನರನ್ನು ಆಗಾಗ ಕೇಳುತ್ತದೆ. 1998ರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ‘ಮನೆಯವರೇ’ ಎಂದಿದ್ದರು. 2018ರಲ್ಲಿ ಹಾಗೆಂದವರು ನೂರಕ್ಕೆ ಇಪ್ಪತ್ತೇಳರ ಹತ್ತಿರ. ಹೆಚ್ಚಿನವರ ಉತ್ತರ ‘ಮನೆಯವರು, ಸರ್ಕಾರ, ಸಮಾಜ ಮೂವರೂ ಸೇರಿ’ ಎಂದಾಗಿತ್ತು. ಇಪ್ಪತ್ತೇ ವರ್ಷ! ಅಷ್ಟರಲ್ಲಿ ಮುದುಕರ ಪಾಲೂ ಬೆಳೆದಿತ್ತು. 2000ದಲ್ಲಿ ಜನಸಂಖ್ಯೆಯ ಶೇ. 7ರಷ್ಟಿದ್ದ ಅರವತ್ತೈದು ದಾಟಿದವರು 2024ರ ಡಿಸೆಂಬರಿಗೆ ಶೇ. 20 ಮುಟ್ಟಿದರು, ಒಂದು ಕೋಟಿಗೂ ಹೆಚ್ಚು ಜನ.

ಈ ನಡುವೆ 2008 ಎಂಬ ವರ್ಷವಿದೆ. ಆ ಜನವರಿಯಲ್ಲಿ ಗಂಡಸನ್ನು ಮನೆಯ ಯಜಮಾನನಾಗಿ ದಾಖಲಿಸಿ ಉಳಿದವರನ್ನೆಲ್ಲ ಅವನ ಹೆಸರಿನ ಕೆಳಗೆ ಬರೆಯುವ ಕುಟುಂಬ ಪುಸ್ತಕದ ಪದ್ಧತಿ ರದ್ದಾಯಿತು. ಜುಲೈ 1ರಂದು ವೃದ್ಧರ ದೀರ್ಘಕಾಲದ ಆರೈಕೆ ವಿಮೆ ಜಾರಿಗೆ ಬಂತು. ಆಗಸ್ಟಿನಲ್ಲಿ ಪಿತೃಭಕ್ತಿಗೆ ಪ್ರೋತ್ಸಾಹ ಕೊಡುವ ಕಾಯ್ದೆಯೂ ಜಾರಿಯಾಯಿತು, ಅಕ್ಟೋಬರನ್ನು ಹ್ಯೊ ಮಾಸವೆಂದು ಸಾರಿತು. ಯಜಮಾನ ಮಗನನ್ನು ಕಾಗದದಿಂದ ಅಳಿಸಿ, ಅವನ ಕೆಲಸವನ್ನು ವಿಮೆಗೆ ವಹಿಸಿ, ಅವನ ಗುಣವನ್ನು ಶಾಲೆಯಲ್ಲಿ ಕಲಿಸಿ ಎಂದು ಒಂದೇ ವರ್ಷದಲ್ಲಿ ಒಂದೇ ಸರ್ಕಾರ ಹೇಳಿತು. ನಗು ಬರುತ್ತದೆ. ಆದರೆ ಸೆಜೊಂಗ್‌ನ ಚಿತ್ರಪುಸ್ತಕ, ಜೊಂಗ್‌ಜೊನ ಹಳದಿ ಬಟ್ಟೆ, ಅತ್ತೆಯ ಪ್ರಶಸ್ತಿಪತ್ರ ಇವನ್ನು ಸಾಲಾಗಿ ಇಟ್ಟು ನೋಡಿದರೆ ವಿಮೆಯ ಕಾರ್ಡು ಅದೇ ಸಾಲಿನ ಕೊನೆಯ ವಸ್ತು.

ವಿಮೆ ನಡೆಯುವುದು ಹೀಗೆ. ಆರೋಗ್ಯ ವಿಮೆಯ ಕಂತಿನ ಜೊತೆಗೆ ಇದಕ್ಕೂ ಒಂದು ಪಾಲು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. 2008ರಲ್ಲಿ ಆ ಪಾಲು ಆರೋಗ್ಯ ಕಂತಿನ ಶೇ. 4.05 ಇತ್ತು, 2024ಕ್ಕೆ ಶೇ. 12.95. ಅರ್ಜಿ ಹಾಕಿದರೆ ಅಧಿಕಾರಿ ಮನೆಗೆ ಬಂದು ಬಟ್ಟೆ ಹಾಕಿಕೊಳ್ಳುವುದು, ಹಲ್ಲುಜ್ಜುವುದು, ಎದ್ದು ಕೂರುವುದು, ನೆನಪು, ಹಟ ಎಂದು ಐವತ್ತೆರಡು ಬಾಬ್ತುಗಳಿಗೆ ಅಂಕ ಹಾಕುತ್ತಾರೆ. ತೊಂಬತ್ತೈದು ದಾಟಿದರೆ ಒಂದನೇ ದರ್ಜೆ, ಎಪ್ಪತ್ತೈದು ದಾಟಿದರೆ ಎರಡನೇ ದರ್ಜೆ, ಹೀಗೆ ಕೆಳಕ್ಕೆ. ಅಂಕ ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದು. ಯೊಯಾಂಗ್‌ವೊನ್, ಅಂದರೆ ಆರೈಕೆ ಕೇಂದ್ರದಲ್ಲಿ ಇರಿಸಲು ಸಾಮಾನ್ಯವಾಗಿ ಮೊದಲೆರಡು ದರ್ಜೆ ಬೇಕು. ಖರ್ಚಿನಲ್ಲಿ ಶೇ. 20 ಮನೆಯವರದು, ಊಟದ ದುಡ್ಡು ಪ್ರತ್ಯೇಕ.

ಅಧಿಕಾರಿ ಬರುವ ದಿನ ನಮ್ಮ ಅತ್ತೆ ಬೆಳಗ್ಗೆಯೇ ತಲೆ ಬಾಚಿಸಿಕೊಂಡು, ಒಳ್ಳೆಯ ಅಂಗಿ ಹಾಕಿಸಿಕೊಂಡು ನೆಟ್ಟಗೆ ಕೂತರು. ನಾನೇ ಗುಂಡಿ ಹಾಕಿದ್ದೆ. “ಅಜ್ಜಿ, ಬಟ್ಟೆ ನೀವೇ ಹಾಕಿಕೊಳ್ತೀರಾ?” “ಮತ್ಯಾರು ಹಾಕ್ತಾರೆ?” “ಬಚ್ಚಲಿಗೆ?” “ಓಡಾಡ್ತೀನಿ.” ಎದ್ದು ತೋರಿಸಲೂ ಹೊರಟರು. ಬಂದ ಹೆಣ್ಣುಮಗಳಿಗೆ ಕುಡಿಯಲು ಏನಾದರೂ ಕೊಡು ಎಂದು ನನಗೆ ಅಪ್ಪಣೆಯಾಯಿತು. ಆಕೆ ಹೊರಡುವಾಗ ಬಾಗಿಲಲ್ಲಿ ನನ್ನನ್ನು ನೋಡಿ ಸಣ್ಣಗೆ ನಕ್ಕರು. ಈ ನಾಟಕ ಮನೆಮನೆಯದು, ಅವರಿಗೂ ಗೊತ್ತಿತ್ತು. ಹೊರಗಿನವರ ಮುಂದೆ ಮಾನವಾಗಿ ಕಾಣಬೇಕು ಎಂದು ಜೀವನವಿಡೀ ಕಲಿತವರನ್ನು, ಇವತ್ತು ಅಸಹಾಯಕಳಾಗಿ ಕಾಣು, ಆಗಲೇ ಸಹಾಯ ಸಿಗುವುದು ಎಂದರೆ ಹೇಗೆ? ಮೊದಲ ಸಲ ಮನೆಗೆ ಆರೈಕೆಯವರನ್ನು ಕಳಿಸುವ ದರ್ಜೆ ಮಾತ್ರ ಸಿಕ್ಕಿತು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಎರಡನೇ ದರ್ಜೆ ಬಂತು.

ಆಗ ಮನೆಯಲ್ಲಿ ನಡೆದ ಮಾತುಕತೆಯಲ್ಲಿ ಗಂಡನ ಅಕ್ಕ ಒಂದು ಮಾತು ಎಸೆದರು: “ಇದು ಈಗಿನ ಕಾಲದ ಗೊರ್ಯೊಜಾಂಗ್.” ಮುದುಕರನ್ನು ಬೆಟ್ಟದಲ್ಲಿ ಬಿಟ್ಟು ಬರುವ ಪದ್ಧತಿ ಗೊರ್ಯೊ ಕಾಲದಲ್ಲಿ ಇತ್ತಂತೆ, ಅದರ ಹೆಸರು. ಯೊಯಾಂಗ್‌ವೊನ್ ಎಂದರೆ ಸಾಕು, ಪತ್ರಿಕೆಗಳಲ್ಲೂ ಜಗಲಿಯಲ್ಲೂ ಈ ಬೈಗುಳ ಬರುತ್ತದೆ. ಕಿಮ್ ಕಿ-ಯೊಂಗ್ 1963ರಲ್ಲಿ ಇದೇ ಹೆಸರಿನ ಸಿನಿಮಾ ಮಾಡಿದ. ಕತೆ ಎಲ್ಲರಿಗೂ ಬಾಯಿಪಾಠ. ಅಪ್ಪ ಅಜ್ಜಿಯನ್ನು ಬೆನ್ನಮೇಲಿನ ಕಟ್ಟಿಗೆ ಹೊರುವ ಚೌಕಟ್ಟಿನಲ್ಲಿ ಕೂರಿಸಿ ಬೆಟ್ಟಕ್ಕೆ ಹೊತ್ತು, ಅಲ್ಲೇ ಬಿಟ್ಟು ಹೊರಡುತ್ತಾನೆ. ಹಿಂದೆ ಬಂದ ಹುಡುಗ ಆ ಚೌಕಟ್ಟನ್ನು ಎತ್ತಿಕೊಳ್ಳುತ್ತಾನೆ. ಯಾಕೋ ಎಂದರೆ, ನಾಳೆ ನಿನ್ನನ್ನು ಹೊರಲು ಬೇಕಲ್ಲ.

ತಾತನ ಊಟದ ಪರಟೆಯನ್ನು ಮೊಮ್ಮಗ ಎತ್ತಿಟ್ಟುಕೊಳ್ಳುವ ಕತೆ ಕೇಳಿ ಬೆಳೆದ ನನಗೆ ಇದು ಹೊಸದೆನಿಸಲಿಲ್ಲ. ಹುಡುಕಿದಾಗ ಗೊತ್ತಾಯಿತು, ಹೊಸದಲ್ಲವೇ ಅಲ್ಲ. ಗೊರ್ಯೊ ಕಾಲದಲ್ಲಿ ಮುದುಕರನ್ನು ಹೀಗೆ ಬಿಡುತ್ತಿದ್ದರು ಎನ್ನಲು ಚರಿತ್ರೆಕಾರರಿಗೆ ಆಧಾರ ಸಿಕ್ಕಿಲ್ಲ. ಆಧಾರ ಸಿಗುವುದು ಪುಸ್ತಕಗಳ ಪಯಣಕ್ಕೆ. ಪಾಳಿಯ ತಕ್ಕಲ ಜಾತಕದಲ್ಲಿ, ಹೆಂಡತಿಯ ಮಾತು ಕೇಳಿ ಮುದಿ ತಂದೆಯನ್ನು ಹೂಳಲು ಹಳ್ಳ ತೋಡುವ ಮಗನ ಪಕ್ಕದಲ್ಲಿ ಅವನ ಮಗು ಇನ್ನೊಂದು ಹಳ್ಳ ತೋಡುತ್ತದೆ. ಮುದುಕರನ್ನು ಹೊರಹಾಕುವ ದೇಶದ ಇನ್ನೊಂದು ಕತೆ ನಮ್ಮ ಕಡೆಯ ಬೌದ್ಧ ಕಥಾಸಂಗ್ರಹದಿಂದ 472ರಲ್ಲಿ ಚೀನೀ ಭಾಷೆಗೆ ಹೋಯಿತು. ಅದರಲ್ಲಿ ಮಗ ತಂದೆಯನ್ನು ಬಚ್ಚಿಡುತ್ತಾನೆ. ಆನೆಯ ತೂಕ ಹೇಳು, ಒಂದೇ ಥರ ಕಾಣುವ ಎರಡು ಕುದುರೆಗಳಲ್ಲಿ ತಾಯಿ ಯಾವುದು ಮರಿ ಯಾವುದು ಹೇಳು ಎಂಬ ಒಗಟುಗಳಿಗೆ ಆ ಮುದುಕನೇ ಉತ್ತರ ಕೊಟ್ಟು ದೇಶ ಉಳಿಸುತ್ತಾನೆ. ಕುದುರೆಯ ಒಗಟು ಕೊರಿಯಾದ ಅಜ್ಜಿಕತೆಯಲ್ಲಿ ಇಂದಿಗೂ ಇದೆ. ಅತ್ತಿಗೆಗೆ ಇದನ್ನೆಲ್ಲ ಹೇಳಿ, “ನೀವು ಬೈಯ್ಯೋದಿದ್ದರೆ ನಮ್ಮ ದೇಶವನ್ನೇ ಬೈಯಿರಿ” ಎಂದೆ. ಅವರು ನಗಲಿಲ್ಲ. ಬೈಗುಳದ ಮೂಲ ತಿಳಿದರೆ ಅದರ ಉರಿ ಕಡಿಮೆಯಾಗುವುದಿಲ್ಲ. ಅದೇ ವಾರ ಊರಿಂದ ನಮ್ಮಣ್ಣನ ಫೋನು: “ಅಲ್ವೇ, ಅತ್ತೇನ ಆಶ್ರಮಕ್ಕೆ ಹಾಕಿದ್ರಂತೆ?” ನನಗೂ ಉರಿಯಿತು.

ತೀರ್ಮಾನ ಮಾಡಿದ್ದು ಅತ್ತೆಯೇ. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು, “ಮಗೂ, ನಿನ್ನ ಕೈಲಿ ನಾನು ಮಾಡಿದ್ದನ್ನೆಲ್ಲ ಮಾಡಿಸಿಕೊಳ್ಳೋಕೆ ನನಗೆ ಇಷ್ಟ ಇಲ್ಲ” ಎಂದರು. ಮಕ್ಕಳಿಗೆ ಹೊರೆಯಾಗಬಾರದು ಎನ್ನುವುದು ಇಲ್ಲಿಯ ಹಿರಿಯರ ಬಾಯಲ್ಲಿ ದಿನಕ್ಕೊಮ್ಮೆ ಬರುವ ಮಾತು, ಶಿಷ್ಟಾಚಾರವೆಂದು ತಳ್ಳಿಬಿಡಬಹುದು. ಅತ್ತೆಯ ಮಾತಿನಲ್ಲಿ ಲೆಕ್ಕ ಇತ್ತು. ಮಂಜು ಒಡೆದು ಬಟ್ಟೆ ಒಗೆದವರಿಗೆ ಆ ಕೆಲಸದ ಬೆಲೆ ಗೊತ್ತು. ತಾನು ಕೊಟ್ಟದ್ದನ್ನು ವಾಪಸು ಕೇಳದೆ ಬಿಡುವುದು ಅವರ ಕೈಯಲ್ಲಿದ್ದ ಕೊನೆಯ ದೊಡ್ಡಸ್ತಿಕೆ. ಮನೆ ಖಾಲಿ ಮಾಡುವಾಗ ಪ್ರಶಸ್ತಿಪತ್ರವನ್ನು ಜೊತೆಗೆ ಕಳಿಸಲೇ ಎಂದು ಕೇಳಿದೆ. “ಅದನ್ಯಾಕೆ? ಅಲ್ಲಿ ಎಲ್ಲರ ಹತ್ರಾನೂ ಇರುತ್ತೆ” ಎಂದರು.

ಯೊಯಾಂಗ್‌ವೊನ್ ಎಂದರೆ ತೋಟದ ನಡುವೆ ಬಿಳಿ ಕಟ್ಟಡ ಎಂದು ನಾನು ಕಲ್ಪಿಸಿಕೊಂಡಿದ್ದೆ. ಊರ ಹೊರಗೆ ಅಂಥವೂ ಇವೆ. ನಮಗೆ ಸಿಕ್ಕಿದ್ದು ಪೇಟೆಯ ಅಂಗಡಿ ಕಟ್ಟಡದಲ್ಲಿ. ಕೆಳಗೆ ಔಷಧಿ ಅಂಗಡಿ, ಕರಿದ ಕೋಳಿಯ ಹೋಟೆಲು. ಮೇಲೆ ಮಕ್ಕಳ ಟ್ಯೂಷನ್, ದಂತವೈದ್ಯ. ಐದನೇ ಮಹಡಿಯಲ್ಲಿ ಮುದುಕರು. ಲಿಫ್ಟಿನಿಂದ ಇಳಿದರೆ ಗಾಜಿನ ಬಾಗಿಲು, ಗುಟ್ಟಿನ ಅಂಕಿ ಒತ್ತಿದರೆ ತೆರೆಯುತ್ತದೆ, ಒಳಗಿನವರಿಗೆ ಆ ಅಂಕಿ ಗೊತ್ತಿಲ್ಲ. ಚಪ್ಪಲಿ ಬಿಚ್ಚಿ ಒಳಗೆ ಹೋಗಬೇಕು, ಅದೊಂದು ಮನೆಯಂತೆಯೇ. ಕೋಣೆಗೆ ನಾಲ್ಕು ಮಂಚ, ಅದಕ್ಕಿಂತ ಹೆಚ್ಚು ಹಾಕಲು ಕಾನೂನು ಬಿಡುವುದಿಲ್ಲ. ಇಡೀ ದೇಶದಲ್ಲಿ ಇಂಥ ಕೇಂದ್ರಗಳು, ಒಂಬತ್ತು ಜನದವರೆಗಿನ ಸಣ್ಣ ಮನೆಗಳೂ ಸೇರಿ, ಈಗ ಆರು ಸಾವಿರದ ಆಸುಪಾಸು. ಬಹುಪಾಲು ಖಾಸಗಿಯವರವು.

ಅತ್ತೆಗೆ ಮೊದಲು ಬಂದ ತೊಂದರೆ ಮಂಚ. ಹುಟ್ಟಿದಾಗಿನಿಂದ ಬಿಸಿ ನೆಲದ ಮೇಲೆ ಬೆನ್ನು ಚಾಚಿದವರು. ಗಾಳಿಯಲ್ಲಿ ತೂಗಿದ ಹಾಗಾಗುತ್ತೆ, ಬೆನ್ನಿಗೆ ಬಿಸಿ ತಾಗಲ್ಲ ಎಂದು ರಾತ್ರಿ ಕಂಬಿ ದಾಟಿ ಇಳಿಯಲು ನೋಡಿದರು. ಮುರಿದ ಸೊಂಟದವರು ಹೀಗೆ ಮಾಡಿದರೆ ಅಲ್ಲಿಯವರಿಗೆ ಎದೆ ಡವಡವ. ಕಂಬಿ ಎತ್ತರಿಸಿದರು, ಅತ್ತೆ ಊಟ ಬಿಟ್ಟರು. ಗಂಡ ಹೋಗಿ ಮಾತಾಡಿ, ಗೋಡೆಯ ಪಕ್ಕದಲ್ಲಿ ನೆಲಕ್ಕೇ ದಪ್ಪ ಹಾಸಿಗೆ ಹಾಸುವಂತಾಯಿತು. ಬಿದ್ದರೂ ಬೀಳಲು ಎತ್ತರವಿಲ್ಲ. ಎತ್ತುವವರಿಗೆ ಮಾತ್ರ ಸೊಂಟ ಬಗ್ಗಿಸುವ ಕಷ್ಟ, ಅವರು ಒಪ್ಪಿಕೊಂಡದ್ದು ದೊಡ್ಡ ಮನಸ್ಸು. ಎರಡನೆಯದು ಕಿಮ್ಚಿ. ಹಲ್ಲಿಲ್ಲದವರ ಗಂಟಲಿಗೆ ಸಿಕ್ಕೀತೆಂದು ಕತ್ತರಿಯಲ್ಲಿ ಚೂರುಚೂರು ಮಾಡಿ ಕೊಡುತ್ತಿದ್ದರು, ಖಾರವೂ ಕಡಿಮೆ. “ಇದು ಕೂಸಿನ ತಿಂಡಿ” ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ತನ್ನ ತಟ್ಟೆಗೆ ಇಡೀ ಎಲೆ ಬರಲಿ, ಕತ್ತರಿ ತನ್ನ ಕೈಯಲ್ಲಿರಲಿ ಎಂಬುದು ಬೇಡಿಕೆ. ಕತ್ತರಿ ಕೊಡಲಿಲ್ಲ, ಆದರೆ ಎದುರಿಗೇ ಕತ್ತರಿಸುವ ರಾಜಿಯಾಯಿತು.

ಪಕ್ಕದ ಹಾಸಿಗೆಯ ಅಜ್ಜಿಗೆ ಅತ್ತೆ ಹೇಳಿದ್ದ ಸುಳ್ಳು ನನಗೆ ಗೊತ್ತಾದದ್ದು ತಡವಾಗಿ. ಮಗ ಸೊಸೆ ಭಾರತದಲ್ಲಿದ್ದಾರೆ, ಅದಕ್ಕೇ ತಾನಿಲ್ಲಿ ಎಂದಿದ್ದರು. ವಾರವಾರ ಹಣ್ಣು ಹಿಡಿದು ಬರುತ್ತಿದ್ದ ಈ ಹೆಂಗಸು ಯಾರು ಎಂದು ಆ ಅಜ್ಜಿ ಕೇಳಿದ್ದರೆ ಏನು ಹೇಳುತ್ತಿದ್ದರೋ. ಆ ಅಜ್ಜಿಯ ಮಗನೂ ‘ಅಮೆರಿಕದಲ್ಲಿ’ ಇದ್ದ. ಒಬ್ಬರ ಸುಳ್ಳನ್ನು ಇನ್ನೊಬ್ಬರು ಕೆದಕುತ್ತಿರಲಿಲ್ಲ, ಅದೇ ಅವರ ಸ್ನೇಹದ ಬುನಾದಿ. ಮಧ್ಯಾಹ್ನ ಇಬ್ಬರೂ ಹ್ವಾತು ಎಲೆ ಹರಡಿ ಕೂರುತ್ತಿದ್ದರು. ಹೂವಿನ ಚಿತ್ರದ ಆ ಸಣ್ಣ ಇಸ್ಪೀಟು ಬೆರಳಿಗೂ ನೆನಪಿಗೂ ಒಳ್ಳೆಯದೆಂದು ಕೇಂದ್ರದವರೇ ಕೊಡುತ್ತಾರೆ. ಅತ್ತೆ ಮೋಸ ಮಾಡುತ್ತಿದ್ದರು, ಗೆಲ್ಲುತ್ತಿದ್ದರು.

ತಿರುವು ಬಂದದ್ದು ಒಗೆದ ಬಟ್ಟೆಯಿಂದ. ಒಂದು ದಿನ ಹಜಾರದಲ್ಲಿ ಯಾರೋ ಟವೆಲು ಗುಡ್ಡೆ ಹಾಕಿ ಮಡಿಸುತ್ತಿದ್ದರು. ಅತ್ತೆ ಗಾಲಿಕುರ್ಚಿಯಲ್ಲಿ ಕೂತು ನೋಡಿ, ಅಂಚು ಸರಿಯಿಲ್ಲ ಎಂದು ಬೈದು, ಒಂದೊಂದನ್ನೇ ಎಳೆದುಕೊಂಡು ಮಡಿಸಿದರು. ಅಂದಿನಿಂದ ಟವೆಲು ಅವರದು. ನಾನು ಹೋದರೆ, “ಕೂತಿರು, ಇದು ಮುಗೀಲಿ” ಎನ್ನುವಷ್ಟು ಗತ್ತು ಬಂತು.

ಅವರನ್ನು ಮೀಯಿಸುತ್ತಿದ್ದ ಆರೈಕೆಯ ಹೆಂಗಸಿಗೆ ಅರವತ್ತು ದಾಟಿತ್ತು. ಯೊಯಾಂಗ್‌ಬೊಹೊಸಾ ಎಂಬ ಈ ಕಸುಬು ವಿಮೆಯ ಜೊತೆಗೇ 2008ರಲ್ಲಿ ಹುಟ್ಟಿತು. ಆಗ 240 ಗಂಟೆ ತರಬೇತಿ, 2010ರಿಂದ ಪರೀಕ್ಷೆ, 2024ರಿಂದ 320 ಗಂಟೆ. ಕೇಂದ್ರಗಳಲ್ಲಿ ಮೊದಲು ಎರಡೂವರೆ ಮುದುಕರಿಗೆ ಒಬ್ಬರಂತೆ ಇರಬೇಕಿತ್ತು, 2025ರಿಂದ 2.1ಕ್ಕೆ ಒಬ್ಬರು. ಕಾಗದದ ಮೇಲಿನ ಲೆಕ್ಕ ಪಾಳಿಗೆ ಹಂಚಿದಾಗ ರಾತ್ರಿ ಒಬ್ಬರ ಪಾಲಿಗೆ ಕೋಣೆಗಳೇ ಬರುತ್ತವೆ. ಈ ಕೆಲಸದಲ್ಲಿರುವವರು ಹೆಚ್ಚಾಗಿ ಐವತ್ತು, ಅರವತ್ತು ದಾಟಿದ ಹೆಂಗಸರು. ನಮ್ಮ ಆ ಹೆಂಗಸಿನ ಸ್ವಂತ ಅತ್ತೆ ಇನ್ನೊಂದು ಊರಿನ ಯೊಯಾಂಗ್‌ವೊನ್‌ನಲ್ಲಿದ್ದರು. “ಅವರಿಗೆ ಯಾರದೋ ಸೊಸೆ, ಇವರಿಗೆ ನಾನು” ಎಂದು ಒಮ್ಮೆ ಹೇಳಿದರು. ಇಷ್ಟೆಲ್ಲ ಬದಲಾಗಿ ಕೊನೆಗೂ ದುಡಿಮೆ ಸೊಸೆಯಂದಿರದೇ. ಈಗ ಸಂಬಳ ಇದೆ, ಅದೂ ಕೊರಿಯಾದ ಕನಿಷ್ಠ ಕೂಲಿಗಿಂತ ಬಹಳ ಮೇಲಿಲ್ಲ.

2020ರ ಆರಂಭದಲ್ಲಿ ಕೋವಿಡ್ ಬಂದು ಗಾಜಿನ ಬಾಗಿಲು ನಮಗೂ ಮುಚ್ಚಿತು. ಭೇಟಿ ಎಂದರೆ ಗಾಜಿನ ಆಚೆ ಈಚೆ ಕೂತು ಫೋನಿನಲ್ಲಿ ಮಾತು. ಮುಟ್ಟಿ ಮಾತಾಡಲು ನಡುನಡುವೆ ಬಿಡುತ್ತಿದ್ದರು, ಮತ್ತೆ ನಿಲ್ಲಿಸುತ್ತಿದ್ದರು. 2022ರ ಏಪ್ರಿಲ್ 30ರಿಂದ ಹೆತ್ತವರ ದಿನದ ನೆಪದಲ್ಲಿ ಕೆಲವು ವಾರ ಬಿಟ್ಟರು, ಪೂರ್ತಿ ಬಿಟ್ಟದ್ದು ಆ ಅಕ್ಟೋಬರಿನಲ್ಲಿ. ಗಾಜಿನ ಕಾಲದಲ್ಲಿ ಒಂದು ದಿನ ಗಂಡ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅತ್ತೆ ಒಳಗಿನಿಂದ ಕೈಬೀಸಿ ಕರೆದರು: “ಹೊರಗ್ಯಾಕೋ ನಿಂತಿದೀಯ? ಒಳಗೆ ಬಾ. ಊಟದ ಹೊತ್ತು, ಉಂಡು ಹೋಗು.” ಗಾಜು ಅವರಿಗೆ ಮರೆತುಹೋಗಿತ್ತು. ಗಂಡನಿಗೆ ದುಃಖ ಉಮ್ಮಳಿಸಿತು. ನನಗೆ ಕೇಳಿಸಿದ್ದು ಬೇರೆ: ಮಗನನ್ನು ಊಟಕ್ಕೆ ಕರೆಯುವವರು ಆ ಜಾಗದ ಅತಿಥಿಯಲ್ಲ, ಅಲ್ಲಿಯ ಒಡತಿ. ಹೊಂದಿಕೊಳ್ಳುವುದನ್ನು ಅಳೆಯಲು ಕೊರಿಯಾದ ನರ್ಸಿಂಗ್ ವಿದ್ವಾಂಸರು ಪ್ರಶ್ನಾವಳಿಗಳನ್ನೇ ಮಾಡಿದ್ದಾರೆ. ನನಗೆ ಸಿಕ್ಕ ಅಳತೆ ಇದು. ಅತ್ತೆ ಅಲ್ಲಿಂದಲೇ ಹೋದರು.

ಹೊಂದಿಕೊಳ್ಳಬೇಕಾದವರು ಮುದುಕರು ಮಾತ್ರವೇ ಎಂಬ ಪ್ರಶ್ನೆಗೆ ಇಲ್ಲಿ ಜಪಾನಿನ ಒಂದು ಕತೆ ಹೇಳಬೇಕು. 1928ರಲ್ಲಿ ಯುನ್ ಚಿ-ಹೊ ಎಂಬ ಕ್ರೈಸ್ತ ಯುವಕ ಕೊರಿಯಾದ ದಕ್ಷಿಣದ ಮೊಕ್‌ಪೊ ಬಂದರಿನಲ್ಲಿ ಬೀದಿಯ ಮಕ್ಕಳಿಗೆ ಅನಾಥಾಲಯ ತೆರೆದ. ಅಲ್ಲಿ ಕೆಲಸಕ್ಕೆ ಬಂದ ಜಪಾನೀ ಹೆಣ್ಣುಮಗಳು ತೌಚಿ ಚಿಜುಕೊ 1938ರಲ್ಲಿ ಅವನನ್ನು ಮದುವೆಯಾದಳು. ಯುದ್ಧದ ನಡುವೆ, 1951ರಲ್ಲಿ, ಮಕ್ಕಳಿಗೆ ಆಹಾರ ತರಲು ಹೋದ ಯುನ್ ಹಿಂತಿರುಗಲಿಲ್ಲ. ಜಪಾನೀಯರ ಮೇಲಿನ ಸಿಟ್ಟು ಆರದ ನಾಡಿನಲ್ಲಿ ಆಕೆ ಒಬ್ಬಳೇ ಸುಮಾರು ಮೂರು ಸಾವಿರ ಅನಾಥರನ್ನು ಬೆಳೆಸಿ 1968ರಲ್ಲಿ ತೀರಿಕೊಂಡಳು. ಕೊನೆಗಾಲದಲ್ಲಿ ಕೊರಿಯನ್ ಮಾತು ಹಿಂದೆ ಸರಿದು ಜಪಾನೀ ಮಾತು ಬಂತು. ಕೇಳಿದ್ದು ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು, ಊರಿನ ಉಮೆಬೊಶಿ. ಆಕೆಯ ಮಗ ಯುನ್ ಗಿಗೆ ಅದು ಮರೆಯಲಿಲ್ಲ. ಜಪಾನಿನಲ್ಲಿ ಒಂಟಿಯಾಗಿ ಮುದಿಯಾಗುತ್ತಿದ್ದ ಕೊರಿಯನ್ನರಿಗೂ ಕಡೆಗೆ ಇದೇ ಗತಿಯಲ್ಲವೇ ಎಂದು 1984ರಲ್ಲಿ ಪತ್ರಿಕೆಗೆ ಬರೆದ. ಜನ ದುಡ್ಡು ಕೂಡಿಸಿ, 1989ರಲ್ಲಿ ಒಸಾಕಾ ಪಕ್ಕದ ಸಾಕಾಯಿಯಲ್ಲಿ ‘ತವರಿನ ಮನೆ’ ಎಂಬ ವೃದ್ಧರ ಆರೈಕೆ ಕೇಂದ್ರ ತೆರೆಯಿತು. ಆಮೇಲೆ ಒಸಾಕಾ, ಕೋಬೆ, ಕ್ಯೋತೊ, ಟೋಕಿಯೋದಲ್ಲೂ. ಅಲ್ಲಿ ಕಿಮ್ಚಿಯೂ ಉಂಟು, ಉಮೆಬೊಶಿಯೂ ಉಂಟು. ಸಿಬ್ಬಂದಿಗೆ ಎರಡೂ ಭಾಷೆ.

ಪರದೇಶದ ಸೊಸೆಯಾದ ನಾನು ಈ ಕತೆಯನ್ನು ಚರಿತ್ರೆಯಾಗಿ ಮಾತ್ರ ಓದಲಾರೆ. ಸರ್ಕಾರ ಮುದುಕರ ಕೋಣೆಗೆ ಬರುವುದರಲ್ಲಿ ನನಗೆ ಅಡ್ಡಿಯಿಲ್ಲ. ಅದು ಆರುನೂರು ವರ್ಷಕ್ಕೂ ಹಿಂದಿನಿಂದ ಬರುತ್ತಲೇ ಇದೆ, ಚಿತ್ರಪುಸ್ತಕ ಹಿಡಿದು ಬರುವುದಕ್ಕಿಂತ ವಿಮೆ ಹಿಡಿದು ಬರುವುದು ಮೇಲು. ಬೆರಳು ಕಡಿಯುವ ಮಗನಿಗಿಂತ ಟವೆಲು ಮಡಿಸಲು ಬಿಡುವ ಹೆಂಗಸು ಮೇಲು. ಆದರೆ ಹೊಂದಿಕೊಳ್ಳುವ ಹೊರೆಯನ್ನೆಲ್ಲ ಎಂಬತ್ತರ ಮುದುಕಿಯ ಮೇಲೆ ಹಾಕಿ, ಮಂಚ ಮಾತ್ರ ಅಲುಗಾಡುವುದಿಲ್ಲ ಎಂದರೆ ಆಗದು. ಅತ್ತೆಯ ಹಾಸಿಗೆ ನೆಲಕ್ಕೆ ಇಳಿದ ಮೇಲೇ ಅತ್ತೆ ಊಟಕ್ಕೆ ಎದ್ದದ್ದು. ನನಗೆ ಕೊರಿಯನ್ ಮಾತು ಹಿಂದೆ ಸರಿಯುವ ದಿನ ಬಂದರೆ ಸುವೊನ್‌ನ ಯಾವುದೋ ಐದನೇ ಮಹಡಿಯಲ್ಲಿ ಕೂತು ಮೊಸರನ್ನ ಕೇಳುತ್ತೇನೆ, ಸಂಶಯವಿಲ್ಲ. ಇಲ್ಲಿಯ ಮೊಸರಿಗೆ ಸಕ್ಕರೆ ಹಾಕಿರುತ್ತಾರೆ. ಅದಕ್ಕೇ ಮಗಳಿಗೆ ಈಗಲೇ ಹೆಪ್ಪು ಹಾಕುವುದು ಕಲಿಸಿದ್ದೇನೆ. ಅಧಿಕಾರಿಯ ಐವತ್ತೆರಡು ಬಾಬ್ತುಗಳಲ್ಲಿ ಅದು ಇಲ್ಲ.